ಓಸಿ ಇಲ್ಲದಿದ್ದರೆ ಕರೆಂಟ್ ಇಲ್ಲ: 30×40 ಸೈಟಿನ ಮನೆಗೆ ಮುಂದೇನು?

ಮನೆ ಕಟ್ಟಿ ಮುಗಿದಿದೆ. ಸುಣ್ಣಬಣ್ಣ ಆಗಿದೆ, ಗೃಹಪ್ರವೇಶದ ದಿನವೂ ಗೊತ್ತಾಗಿದೆ. ಆದರೆ ಮೀಟರ್ ಬರುತ್ತಿಲ್ಲ. 2025ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿದ ಬಹಳಷ್ಟು ಜನರ ಪರಿಸ್ಥಿತಿ ಇದು. ವಿದ್ಯುತ್ ಕಂಪನಿ ಓಸಿ, ಅಂದರೆ ಸ್ವಾಧೀನಾನುಭವ ಪತ್ರ ಕೇಳುತ್ತದೆ. ಪಾಲಿಕೆ ಅದನ್ನು ಕೊಡುವುದಿಲ್ಲ. ಆಮೇಲೆ ಸರ್ಕಾರ 1,200 ಚದರ ಅಡಿವರೆಗಿನ ಸೈಟುಗಳ ಮನೆಗೆ ಓಸಿ ಬೇಡ ಎಂದಿತು. ಹಾಗಾದರೆ ಸುಪ್ರೀಂ ಕೋರ್ಟ್ ಹೇಳಿದ್ದೇನು? ಮೂರನೇ ಮಹಡಿ ಕಟ್ಟಿದವರ ಗತಿ ಏನು? ಒಂದು ಕಡೆ ಕಟ್ಟಬೇಡಿ ಎನ್ನುತ್ತಾ, ಇನ್ನೊಂದು ಕಡೆ ದುಡ್ಡು ಕಟ್ಟಿದರೆ ಹೆಚ್ಚು ಮಹಡಿ ಕಟ್ಟಬಹುದು ಎಂಬ ಪ್ರೀಮಿಯಂ ಎಫ್‌ಎಆರ್ ಸುದ್ದಿಯೂ ಬರುತ್ತದಲ್ಲ, ಅದು ಹೇಗೆ?

ಒಂದೊಂದಾಗಿ ನೋಡೋಣ.

ಮೀರತ್‌ನ ಕೇಸು, ಬೆಂಗಳೂರಿನ ಮೀಟರು

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅದು ಉತ್ತರ ಪ್ರದೇಶದ ಮೀರತ್‌ನ ಶಾಸ್ತ್ರಿನಗರದ ಕೇಸು. ವಾಸಕ್ಕೆಂದು ಕೊಟ್ಟ ಜಾಗದಲ್ಲಿ ಅನುಮತಿ ಇಲ್ಲದೆ ಅಂಗಡಿಗಳನ್ನು ಕಟ್ಟಿದ್ದರು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಆ ಕಟ್ಟಡವನ್ನು ಕೆಡವಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವಂತೆ ಒಂದಷ್ಟು ನಿರ್ದೇಶನಗಳನ್ನೂ ಕೊಟ್ಟಿತು. ಅದರಲ್ಲಿ ಒಂದು: ಓಸಿ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಇನ್ನೊಂದು: ಬ್ಯಾಂಕುಗಳೂ ಈ ಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು.

ಇದರ ಬಿಸಿ ಬೆಂಗಳೂರಿಗೆ ಬೇಗ ತಟ್ಟಿತು. ಇಲ್ಲಿ ಓಸಿ ಅನ್ನುವುದು ದೊಡ್ಡ ಅಪಾರ್ಟ್‌ಮೆಂಟಿನವರ ತಲೆನೋವು ಎಂದೇ ಜನ ಅಂದುಕೊಂಡಿದ್ದರು. ಸಣ್ಣ ಸೈಟಿನವರು ನಕ್ಷೆ ಮಂಜೂರು ಮಾಡಿಸುತ್ತಿದ್ದರು, ಕಟ್ಟುವಾಗ ಟೆಂಪರರಿ ಕರೆಂಟ್ ತೆಗೆದುಕೊಳ್ಳುತ್ತಿದ್ದರು, ಮುಗಿದ ಮೇಲೆ ಪರ್ಮನೆಂಟ್ ಮಾಡಿಸಿಕೊಳ್ಳುತ್ತಿದ್ದರು. ಓಸಿ ಎಂಬ ಹೆಸರೂ ಕಿವಿಗೆ ಬೀಳುತ್ತಿರಲಿಲ್ಲ. 2025ರ ಏಪ್ರಿಲ್‌ನಿಂದ ಆ ದಾರಿ ಮುಚ್ಚಿತು.

ಓಸಿ ಯಾಕೆ ಸಿಗುವುದಿಲ್ಲ?

ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ಹೊಂದಿಕೆಯಾಗಬೇಕು. ಓಸಿ ಮುಖ್ಯವಾಗಿ ಹೇಳುವುದು ಇದನ್ನೇ. ಬೆಂಗಳೂರಿನ ಬೀದಿಗಳಲ್ಲಿ ಹೊಂದಿಕೆಯಾಗದಿರುವುದೂ ಅದೇ. ಯಾಕೆ ಅಂತ ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

30×40 ಸೈಟು ಅಂದರೆ 1,200 ಚದರ ಅಡಿ. ನಗರ ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಮಾಡಿದ ಮಾಸ್ಟರ್ ಪ್ಲಾನ್ ಮೇಲೆ. (2031ರ ಪ್ಲಾನಿನ ಕರಡು ಬಂತು, ಅದನ್ನು ಕೈಬಿಟ್ಟೂ ಆಯಿತು.) ಆ ಪ್ಲಾನಿನಲ್ಲಿ ಸಣ್ಣ ಸೈಟುಗಳಿಗೆ ಎಫ್‌ಎಆರ್ 1.75. ಅಂದರೆ ಎಲ್ಲ ಮಹಡಿ ಸೇರಿಸಿ ಸೈಟಿನ 1.75 ಪಟ್ಟು ಕಟ್ಟಬಹುದು. 1,200 ಅಡಿಗೆ ಅದು 2,100 ಅಡಿ.

ಈಗ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್. ಎಷ್ಟು ಬಿಡಬೇಕೆಂಬುದು ಸೈಟಿನ ಅಳತೆಯ ಮೇಲೆ ಹೋಗುತ್ತದೆ. ಲೆಕ್ಕಕ್ಕೆ ನಾಲ್ಕೂ ಕಡೆ ಒಂದು ಮೀಟರ್ ಬಿಟ್ಟೆವು ಎಂದುಕೊಳ್ಳಿ. ಕಟ್ಟಲು ಉಳಿಯುವುದು ಸುಮಾರು 23×33 ಅಡಿ, ಹೆಚ್ಚುಕಡಿಮೆ 780 ಚದರ ಅಡಿ. ಮೂರು ಮಹಡಿ ಹಾಕಿದರೆ 2,340 ಅಡಿ. ಕೆಳಗಿನ ಪಾರ್ಕಿಂಗ್ ಜಾಗವನ್ನು ಕಳೆದರೂ 2,100ರ ಅಂಚಿಗೆ ಬಂದು ನಿಲ್ಲುತ್ತದೆ. ಸೆಟ್‌ಬ್ಯಾಕ್ ಪೂರ್ತಿ ಬಿಟ್ಟು, ಗ್ರೌಂಡ್ ಪ್ಲಸ್ ಟೂಗೇ ನಿಲ್ಲಿಸಿದ ಸಭ್ಯ ಮನೆಯ ಕಥೆಯೇ ಇದು! ಅದರ ಮೇಲೆ ಇನ್ನೊಂದು ಮಹಡಿ, ಮೇಲಿನ ಮಹಡಿಗಳನ್ನು ಎರಡೆರಡು ಅಡಿ ಹೊರಕ್ಕೆ ಚಾಚುವುದು, ಟೆರೇಸ್ ಮೇಲೆ ಒಂದು ಒಂಟಿ ರೂಮು. ಇವೆಲ್ಲ ಸೇರಿದರೆ ನಕ್ಷೆಯನ್ನು ಮೀರುವುದು ಖಚಿತ.

ಇದನ್ನು ಸರಿಪಡಿಸಲು ರಾಜ್ಯ ಅಕ್ರಮ-ಸಕ್ರಮ ತಂದಿತ್ತು. ವಸತಿ ಕಟ್ಟಡಗಳಲ್ಲಿ 50%ವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಲ್ಲಿಂದ ಈಚೆಗೆ ಸಮಸ್ಯೆ ಬೆಳೆಯುತ್ತಲೇ ಹೋಯಿತು, ಪರಿಹಾರ ಕಡತದಲ್ಲೇ ಉಳಿಯಿತು.

ಆ ಇನ್ನೊಂದು ಮಹಡಿ ಯಾಕೆ ಏಳುತ್ತದೆ?

ದುರಾಸೆ ಎಂದು ಹೇಳಿಬಿಡುವುದು ಸುಲಭ. ಕೆಲವು ಕಡೆ ನಿಜವೂ ಹೌದು. ಆದರೆ ಈ ಮನೆಗಳು ಹೇಗೆ ಕಟ್ಟಲ್ಪಡುತ್ತವೆ ಎಂದು ನೋಡಿದರೆ ಬೇರೆ ಚಿತ್ರ ಕಾಣುತ್ತದೆ.

ಬೆಂಗಳೂರಿನ ಸೈಟಿನ ಮನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಕೆಳಗಿನ ಮನೆ. ಐದಾರು ವರ್ಷಕ್ಕೆ ಸಾಲ ಇಳಿದ ಮೇಲೆ ಮೊದಲ ಮಹಡಿ, ಅದನ್ನು ಬಾಡಿಗೆಗೋ ಲೀಸಿಗೋ ಕೊಡುತ್ತಾರೆ. ಆ ಲೀಸಿನ ದುಡ್ಡಿನಲ್ಲಿ ಎರಡನೆಯದು. ಮಗನ ಮದುವೆ ಆದಾಗ, ಅಥವಾ ಪೆನ್ಷನ್ ಸಾಲದೆ ಹೋದಾಗ ಮೂರನೆಯದು. ಸೈಟಿನ ಬೆಲೆ ಕಟ್ಟಡದ ಬೆಲೆಗಿಂತ ಎಷ್ಟೋ ಪಟ್ಟು ಏರಿರುವ ಊರಿನಲ್ಲಿ, ಇರುವ ನೆಲದ ಮೇಲೆ ಇನ್ನೊಂದು ಮೋಲ್ಡ್ ಹಾಕುವುದು ಮಧ್ಯಮ ವರ್ಗದ ಕೈಗೆಟುಕುವ ಒಂದೇ ಹೂಡಿಕೆ. ಟೆರೇಸ್ ಮೇಲೆ ಪಿಲ್ಲರಿನ ಕಂಬಿಗಳನ್ನು ಹಾಗೇ ಬಿಟ್ಟಿರುತ್ತಾರಲ್ಲ, ಅದು ಮುಂದಿನ ಮಹಡಿಗೆ ಇಟ್ಟ ಜಾಗ.

ಹೊಸದಾಗಿ ಊರಿಗೆ ಬಂದ ನರ್ಸ್, ಗಾರ್ಮೆಂಟ್ಸ್ ಸೂಪರ್‌ವೈಸರ್, ಡೆಲಿವರಿ ಹುಡುಗ, ಮೊದಲ ಕೆಲಸದ ಎಂಜಿನಿಯರ್, ಇವರಲ್ಲಿ ಹೆಚ್ಚಿನವರಿಗೆ ಬಾಡಿಗೆ ಮನೆ ಸಿಗುವುದು ಇಂಥ ಮಹಡಿಗಳಲ್ಲೇ. ನಗರದಲ್ಲಿ ಸಣ್ಣ ಬಾಡಿಗೆ ಮನೆಗಳನ್ನು ಸರ್ಕಾರವೂ ಕಟ್ಟಲಿಲ್ಲ, ದೊಡ್ಡ ಬಿಲ್ಡರ್‌ಗಳೂ ಕಟ್ಟಲಿಲ್ಲ. ಮೇಲಿನ ಮಹಡಿ ಕಟ್ಟಿದ ಓನರುಗಳು ಕಟ್ಟಿದರು.

ಅಂದರೆ ಕುಟುಂಬಕ್ಕೆ ತಕ್ಕಂತೆ ಬದಲಾಗುವ, ಸ್ವಲ್ಪ ಸ್ವಲ್ಪವೇ ಬೆಳೆಯುವ ಮನೆಯನ್ನು ಬೆಂಗಳೂರು ಯಾರ ಸಹಾಯವೂ ಇಲ್ಲದೆ ಕಂಡುಕೊಂಡಿದೆ. ವಾಸ್ತುಶಿಲ್ಪದ ಪಾಠಗಳಲ್ಲಿ ಇದನ್ನು ಬಹಳ ಹೊಗಳುತ್ತಾರೆ. ನಮ್ಮ ಕಾನೂನು ಮಾತ್ರ ಮನೆ ಒಂದು ದಿನ ಶುರುವಾಗಿ ಒಂದು ದಿನ ಮುಗಿಯುತ್ತದೆ ಎಂದೇ ನಂಬಿದೆ. ಓಸಿ ಆ ಕೊನೆಯ ದಿನದ ಪತ್ರ. ಕೊನೆಯ ದಿನವೇ ಇಲ್ಲದ ಮನೆಗೆ ಆ ಪತ್ರ ಯಾವಾಗ ಕೊಡುವುದು? ನನ್ನ ಪ್ರಕಾರ ಇಡೀ ಗೊಂದಲದ ಬೇರು ಇಲ್ಲಿದೆ.

ಮೂರು ಕಡೆಯ ವಾದ

ನಿಯಮ ಬಿಗಿಯಾಗಲೇಬೇಕು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಬ್ ಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು 9 ಜನ ಸತ್ತರು. ಎರಡು ಮಹಡಿಗೆಂದು ಹಾಕಿದ ಪಾಯದ ಮೇಲೆ ನಾಲ್ಕು ಹೊರಿಸಿದರೆ ಕೆಳಗಿನ ಪಿಲ್ಲರ್ ತಾಳುತ್ತದೆಯೇ ಎಂದು ಗೋಡೆಯ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ವರ್ಷಗಟ್ಟಲೆ ಮಳೆಗೆ ಬಿಟ್ಟ ಕಂಬಿ ತುಕ್ಕು ಹಿಡಿದು ಸಣ್ಣಗಾಗಿರುತ್ತದೆ. ಅದಕ್ಕೇ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯುತ್ತಾರೆ. 20 ಅಡಿ ರಸ್ತೆಯಲ್ಲಿ ಹತ್ತು ಮನೆ ನಲವತ್ತಾದರೆ ಫೈರ್ ಎಂಜಿನ್ ಒಳಗೆ ಹೋಗುವುದು ಕಷ್ಟ. ಹತ್ತು ಮನೆಗೆಂದು ಹಾಕಿದ ಒಳಚರಂಡಿ ಪೈಪು ಉಕ್ಕುತ್ತದೆ.

ಮನೆ ಮಾಲೀಕರು ಹೇಳುವುದು: ಎಫ್‌ಎಆರ್ ಮತ್ತು ಸೆಟ್‌ಬ್ಯಾಕ್ ನಿಯಮ ಊರು ಚಿಕ್ಕದಿದ್ದಾಗಿನದು. ಅದನ್ನು ಪಾಲಿಸಿದರೆ ಸಾಲ ತೀರುವುದಿಲ್ಲ. ಕಟ್ಟುವಾಗ ಸುಮ್ನೆ ಇದ್ದವರು ಕಟ್ಟಿದ ಮೇಲೆ ಕರೆಂಟ್ ನಿಲ್ಲಿಸುವುದು ಯಾವ ನ್ಯಾಯ? ಟೆಂಪರರಿ ಸಂಪರ್ಕದ ದರವೂ ಜಾಸ್ತಿ. ಇದರಲ್ಲೂ ಹುರುಳಿದೆ. ದಂಡ ಬೀಳುವುದು ಕೊನೆಯಲ್ಲಿ, ತಡೆಯಬೇಕಾಗಿದ್ದದ್ದು ಪಾಯ ತೋಡುವಾಗ.

ಮೂರನೆಯದು ಬಿಲ್ಡರ್‌ಗಳ ಮತ್ತು ಖಜಾನೆಯ ವಾದ. ನಗರ ಅಡ್ಡಕ್ಕೆ ಹರಡುವುದಕ್ಕಿಂತ ಮೇಲಕ್ಕೆ ಬೆಳೆಯಲಿ, ರಸ್ತೆ ಅಗಲ ಇರುವ ಕಡೆ ದುಡ್ಡು ಕಟ್ಟಿಸಿಕೊಂಡು ಹೆಚ್ಚುವರಿ ಎಫ್‌ಎಆರ್ ಕೊಡಿ ಎನ್ನುತ್ತಾರೆ. ಪ್ರೀಮಿಯಂ ಎಫ್‌ಎಆರ್ ಅಂದರೆ ಇದೇ. ತತ್ವ ತಪ್ಪಲ್ಲ. ಆದರೆ ಆ ದುಡ್ಡು ಅದೇ ಬೀದಿಯ ನೀರಿನ ಪೈಪಿಗೆ, ಚರಂಡಿಗೆ ಹೋಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಸಣ್ಣ ಸೈಟುಗಳು ಹೆಚ್ಚಾಗಿ ಸಣ್ಣ ರಸ್ತೆಯಲ್ಲೇ ಇರುವುದರಿಂದ ಈ ದಾರಿ ಅವರಿಗೆ ತೆರೆಯುವುದೂ ಇಲ್ಲ. ಹಾಗಾಗಿ ಒಂದೇ ಊರಿನಲ್ಲಿ ಹೆಚ್ಚುವರಿ ಮಹಡಿ ಒಬ್ಬರಿಗೆ ಶುಲ್ಕ, ಇನ್ನೊಬ್ಬರಿಗೆ ಅಪರಾಧ.

ಅಪಾರ್ಟ್‌ಮೆಂಟ್ ಕಟ್ಟಿದರೆ ಮುಗಿಯಿತೇ?

ಸೈಟಿನ ಮನೆಗಳ ಗೋಜಲು ಯಾಕೆ, ಎಲ್ಲರೂ ಕಾನೂನಿನ ಪ್ರಕಾರ ಕಟ್ಟಿದ ಫ್ಲ್ಯಾಟಿಗೆ ಹೋಗಲಿ ಎಂದು ಹೇಳುವವರಿದ್ದಾರೆ. ಓಸಿ ಇರುವ ಫ್ಲ್ಯಾಟ್ ಕಾಗದದಲ್ಲಿ ಚೊಕ್ಕ, ನಿಜ. ಹೊಂದಿಕೊಳ್ಳುವ ಗುಣ ಹೇಗೆ?

ಈಗಿನ ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ ಬಹಳಷ್ಟನ್ನು ಮೈವಾನ್ ಪದ್ಧತಿಯಲ್ಲಿ ಕಟ್ಟುತ್ತಾರೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಗೋಡೆ ಮತ್ತು ಛಾವಣಿಯನ್ನು ಒಟ್ಟಿಗೆ ಕಾಂಕ್ರೀಟಿನಲ್ಲಿ ಸುರಿಯುತ್ತಾರೆ. ಕೆಲಸ ವೇಗ, ಗೋಡೆ ನುಣುಪು, ಕೂಲಿ ಕಡಿಮೆ. ಆದರೆ ಆ ಗೋಡೆಗಳೇ ಭಾರ ಹೊರುತ್ತವೆ. ಎರಡು ರೂಮು ಸೇರಿಸಿ ಒಂದು ಮಾಡುವಂತಿಲ್ಲ, ಬಾಗಿಲು ಪಕ್ಕಕ್ಕೆ ಸರಿಸುವಂತಿಲ್ಲ. ವೈರಿನ ಪೈಪುಗಳೂ ಕಾಂಕ್ರೀಟಿನೊಳಗೇ ಹೂತಿರುತ್ತವೆ. ಮೂವತ್ತು ವರ್ಷದ ನಂತರ ಅಜ್ಜಿಗೆ ವೀಲ್‌ಚೇರ್ ಬಂದು ಬಾತ್‌ರೂಮ್ ಬಾಗಿಲು ಅಗಲ ಮಾಡಬೇಕಾದರೂ ಕಷ್ಟವೇ. ಪಿಲ್ಲರ್ ಮತ್ತು ಬೀಮ್ ಮೇಲೆ ನಿಂತ ಹಳೆಯ ಮಾದರಿಯಲ್ಲಿ ನಡುವಿನ ಗೋಡೆ ತೆಗೆದರೆ ಮನೆ ಬೀಳುವುದಿಲ್ಲ.

ಇದಕ್ಕೂ ಪರಿಸರಕ್ಕೂ ನೇರ ಸಂಬಂಧ ಇದೆ. ಜಗತ್ತಿನ ಇಂಗಾಲದ ಹೊರಸೂಸುವಿಕೆಯಲ್ಲಿ ಸಿಮೆಂಟಿನದೇ 7-8% ಪಾಲು. ಬದಲಾಯಿಸಲು ಆಗದ ಕಟ್ಟಡವನ್ನು ಕೊನೆಗೆ ಒಡೆಯಬೇಕು, ಮತ್ತೆ ಸಿಮೆಂಟ್ ಸುರಿಯಬೇಕು. ನೂರು ಮಾಲೀಕರ ಫ್ಲ್ಯಾಟಿನಲ್ಲಿ ಒಡೆಯುವ ತೀರ್ಮಾನಕ್ಕೆ ಒಪ್ಪಿಗೆ ಪಡೆಯುವುದು ಇನ್ನೊಂದು ಮಹಾಭಾರತ. ಸೋಲಾರ್ ಹಾಕಿದ ತಕ್ಷಣ ಕಟ್ಟಡ ಹಸಿರಾಗುವುದಿಲ್ಲ. ಅದು ಎಷ್ಟು ವರ್ಷ, ಎಷ್ಟು ಬಗೆಯ ಕುಟುಂಬಗಳಿಗೆ ಆಗಿಬರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ಬೆಳಕು ಮತ್ತು ನೀರು

ಹಾಗೆಂದು ಸೈಟಿನ ಮನೆಯನ್ನು ಹಾಡಿ ಹೊಗಳಬೇಕಿಲ್ಲ. ಅದರ ದೊಡ್ಡ ದೋಷ ಒಳಗೆ ಹೋದರೆ ಗೊತ್ತಾಗುತ್ತದೆ: ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು. ಎರಡು ಮನೆಗಳ ನಡುವೆ ಎರಡು ಮೀಟರ್ ಸಂದು, ಎರಡೂ ಕಡೆ ಹತ್ತು-ಹನ್ನೆರಡು ಮೀಟರ್ ಎತ್ತರದ ಗೋಡೆ. ಅಷ್ಟು ಕಿರಿದಾದ ಸಂದಿಯಲ್ಲಿ ಬೆಳಕು ಕೆಳಗಿನ ಕಿಟಕಿಗೆ ಇಳಿಯುವುದೇ ಇಲ್ಲ. ಎದುರು ಮನೆಯವರ ಕಣ್ಣು ತಪ್ಪಿಸಲು ಆ ಕಿಟಕಿಯನ್ನೂ ಮುಚ್ಚಿಯೇ ಇಡುತ್ತಾರೆ. ಸೆಟ್‌ಬ್ಯಾಕ್ ಇಟ್ಟದ್ದು ಗಾಳಿ-ಬೆಳಕಿಗೆ. ಸಣ್ಣ ಸೈಟಿನಲ್ಲಿ ಅದು ಆ ಕೆಲಸ ಮಾಡುವುದಿಲ್ಲ. ಸೈಟಿನ ಮೂರನೇ ಒಂದು ಭಾಗದಷ್ಟು ನೆಲ ಮಾತ್ರ ನುಂಗುತ್ತದೆ.

ಬೇರೆ ದಾರಿ ನಮ್ಮ ಹಳೆ ಪೇಟೆ ಬೀದಿಗಳಲ್ಲೂ ತೊಟ್ಟಿ ಮನೆಗಳಲ್ಲೂ ಇದೆ. ಪಕ್ಕದ ಗೋಡೆಗಳನ್ನು ಅಂಟಿಸಿ ಕಟ್ಟುವುದು, ಬಿಟ್ಟ ಜಾಗವನ್ನೆಲ್ಲ ಒಟ್ಟುಗೂಡಿಸಿ ಒಳಗೆ ತೆರೆದ ಅಂಗಳ ಮಾಡುವುದು. ಅದೇ 30×40ರಲ್ಲಿ ಮುಂದೆ 5 ಅಡಿ ಬಿಟ್ಟು, ಒಳಗೆ 12×12 ಅಡಿಯ ಅಂಗಳ ಬಿಟ್ಟರೆ ಕಟ್ಟಲು 900 ಚದರ ಅಡಿ ಉಳಿಯುತ್ತದೆ. ಅಂದರೆ 780ಕ್ಕಿಂತ ಜಾಸ್ತಿ ಜಾಗ, ಒಂದು ಮೀಟರಿನ ಸಂದಿಗಿಂತ ಜಾಸ್ತಿ ಬೆಳಕು. ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಉದ್ದವೂ ಕಡಿಮೆಯಾಗುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಅಕ್ಕಪಕ್ಕದವರೂ ಹಾಗೇ ಕಟ್ಟಬೇಕು, ಬೀದಿಗೆ ಬೀದಿಯೇ ಒಂದು ನಿಯಮಕ್ಕೆ ಬರಬೇಕು. ಸೈಟಿಗೊಂದು ನಿಯಮ ಮಾಡುವ ನಮ್ಮ ಪದ್ಧತಿಯಲ್ಲಿ ಅದಕ್ಕೆ ಜಾಗವಿಲ್ಲ.

ನೀರಿನ ಲೆಕ್ಕ ಇನ್ನೂ ಖಾರವಾಗಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 80 ಚದರ ಮೀಟರ್ ಛಾವಣಿಯಿಂದ, ಪೋಲಾಗುವ ಐದನೇ ಒಂದು ಪಾಲು ಬಿಟ್ಟರೂ, 62,000 ಲೀಟರ್ ಹಿಡಿಯಬಹುದು. ತಲೆಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 1,97,000 ಲೀಟರ್ ಬೇಕು. ಒಂದೇ ಮನೆ ಇದ್ದಾಗ ಛಾವಣಿಯ ಮಳೆ ಮೂರನೇ ಒಂದು ಭಾಗದಷ್ಟು ಒದಗಿಸುತ್ತದೆ. ಅದೇ ಛಾವಣಿಯ ಕೆಳಗೆ ನಾಲ್ಕು ಕುಟುಂಬ ಬಂದರೆ ಅದು 8%ಗೆ ಇಳಿಯುತ್ತದೆ. ಮಹಡಿ ಏರಿದಂತೆ ಜನ ಹೆಚ್ಚುತ್ತಾರೆ, ಛಾವಣಿ ಹೆಚ್ಚುವುದಿಲ್ಲ. ಉಳಿದದ್ದು ಬೋರ್‌ವೆಲ್, ಟ್ಯಾಂಕರ್, ಇಲ್ಲವೇ ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡುವ ಕಾವೇರಿ. 2024ರ ಬೇಸಿಗೆಯ ಟ್ಯಾಂಕರ್ ಸಾಲುಗಳನ್ನು ಯಾರೂ ಮರೆತಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಹೊಸ ಮಹಡಿಗಳು ಅದನ್ನೂ ಬೇಗ ಕುಡಿದು ಮುಗಿಸುತ್ತವೆ.

ಹಾಗಾಗಿ ಬಹುಮಹಡಿ ಬೀದಿಯಲ್ಲಿ ಮಳೆನೀರಿನ ತೊಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಬಳಸಿದ ನೀರಿನ ಮರುಬಳಕೆ. ಸ್ನಾನದ ನೀರಿಗೆ ಒಂದು ಪೈಪು, ಟಾಯ್ಲೆಟ್ಟಿಗೆ ಇನ್ನೊಂದು. ಮೊದಲ ಮಹಡಿ ಕಟ್ಟುವಾಗಲೇ ಬೇರೆ ಬೇರೆ ಹಾಕಿಟ್ಟರೆ ಖರ್ಚು ಅಲ್ಪ. ನಾಲ್ಕು ಮಹಡಿ ಆದ ಮೇಲೆ ಒಡೆದು ಹಾಕಲು ಯಾರೂ ಮುಂದೆ ಬರುವುದಿಲ್ಲ.

ಬೆಳೆಯುವ ಮನೆಗೆ ಬೇರೆ ಕಡೆ ಮಾಡಿದ್ದು

ಇಂದೋರಿನ ಅರಣ್ಯ ಬಡಾವಣೆಯನ್ನು ವಾಸ್ತುಶಿಲ್ಪಿ ಬಿ.ವಿ. ದೋಶಿ 1980ರ ದಶಕದಲ್ಲಿ ರೂಪಿಸಿದರು. ಕಡಿಮೆ ಆದಾಯದವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಪಾಯ, ಟಾಯ್ಲೆಟ್ಟು, ನೀರು-ಚರಂಡಿಯ ಸಂಪರ್ಕ ಕೊಟ್ಟು, ಮಿಕ್ಕಿದ್ದನ್ನು ನಿಮ್ಮ ಶಕ್ತಿಗೆ ತಕ್ಕಂತೆ ಬೆಳೆಸಿಕೊಳ್ಳಿ ಎಂದರು. ಬೆಳೆಯುವುದು ಮೊದಲೇ ಗೊತ್ತಿದ್ದದ್ದರಿಂದ ರಸ್ತೆ, ಪೈಪು, ಮನೆಯ ಮುಂದಿನ ಕಟ್ಟೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಇಟ್ಟಿದ್ದರು. 1995ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಜಪಾನ್ ಬೇರೆ ತುದಿಯಿಂದ ಬಂದಿತು. ಒಸಾಕಾದಲ್ಲಿ 1993ರಲ್ಲಿ ಮುಗಿದ ನೆಕ್ಸ್ಟ್21 ಎಂಬ 18 ಮನೆಗಳ ಕಟ್ಟಡದಲ್ಲಿ ಗಟ್ಟಿ ಚೌಕಟ್ಟು ಬೇರೆ, ಒಳಗಿನ ಗೋಡೆ-ಪೈಪು ಬೇರೆ. ಒಳಗಿನದನ್ನು ಬಿಚ್ಚಿ ಬದಲಾಯಿಸಿದರೂ ಚೌಕಟ್ಟಿಗೆ ಏನೂ ಆಗುವುದಿಲ್ಲ. 2009ರಲ್ಲಿ ಆ ದೇಶ ಬಹುಕಾಲ ಬಾಳುವ ಮನೆಗಳಿಗೆ ಉತ್ತೇಜನ ಕೊಡುವ ಕಾನೂನನ್ನೇ ತಂದಿತು.

ಇವೆರಡನ್ನೂ ಬೆಂಗಳೂರಿಗೆ ತಂದು ಅಂಟಿಸಲು ಆಗುವುದಿಲ್ಲ. ನಮ್ಮ ಸೈಟುಗಳು ಈಗಾಗಲೇ ಹಂಚಿಹೋಗಿವೆ. ಆದರೆ ಪಿಲ್ಲರ್-ಬೀಮಿನ ಚೌಕಟ್ಟನ್ನು ನಾಲ್ಕು ಮಹಡಿಗೆ ಮೊದಲೇ ಲೆಕ್ಕ ಹಾಕಿ, ನಡುವೆ ಹಗುರ ಗೋಡೆ ತುಂಬಿಸುವುದಕ್ಕೆ ಏನೂ ಅಡ್ಡಿಯಿಲ್ಲ. ಗೋಡೆಗೆ ಪಾಯ ತೋಡಿದ ಮಣ್ಣಿನಿಂದಲೇ ಒತ್ತಿದ ಇಟ್ಟಿಗೆ ಸಾಕಾಗಬಹುದು. ಅದರ ಮೇಲೆ ನಮ್ಮ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ದಶಕಗಳ ಕೆಲಸ ಮಾಡಿದೆ. ಮೆಟ್ಟಿಲನ್ನು ಹೊರಗಿಟ್ಟರೆ, ಟಾಯ್ಲೆಟ್ಟುಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟರೆ, ಮೀಟರ್ ವೈರಿಗೆ ಒಂದು ಡಕ್ಟ್ ಬಿಟ್ಟರೆ ಮನೆಯನ್ನು ಎರಡು ಮಾಡುವುದೂ ಮತ್ತೆ ಒಂದು ಮಾಡುವುದೂ ಸುಲಭ.

ವಿನಾಯಿತಿಯಿಂದ ಏನಾಗುತ್ತದೆ?

ಈಗ ಮತ್ತೆ ಸರ್ಕಾರದ ತೀರ್ಮಾನಕ್ಕೆ ಬರೋಣ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಲ್ಲಿ ವಿನಾಯಿತಿ ಕೊಡುವ ಅಧಿಕಾರ ಇದೆ. ಅದನ್ನು ಬಳಸಿ 1,200 ಚದರ ಅಡಿವರೆಗಿನ ಸೈಟಿನಲ್ಲಿ ಗ್ರೌಂಡ್ ಪ್ಲಸ್ ಟೂ, ಅಥವಾ ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ಮಹಡಿಯ ವಾಸದ ಮನೆಗೆ ಓಸಿ ಬೇಡ ಎಂದರು. ಕೋರ್ಟ್ ಓಸಿ ಕೇಳಿ ಎಂದಿದೆ. ಓಸಿಯೇ ಬೇಡದ ಮನೆಗೆ ಕೇಳುವುದೇನು? ಜಾಣತನದ ದಾರಿ. ಕೋರ್ಟಿನ ಮುಂದೆ ಇದು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಹಾಗೇ ಇದೆ.

ತಕ್ಷಣಕ್ಕೆ ಬಹಳ ಮನೆಗಳಿಗೆ ಮೀಟರ್ ಬರುತ್ತದೆ, ಅದು ಒಳ್ಳೆಯದು. ಆದರೆ ಗೆರೆ ಎಳೆದ ಕಡೆಯೆಲ್ಲ ಜನ ಗೆರೆಗೆ ತಕ್ಕಂತೆ ನಡೆಯುತ್ತಾರೆ. 40×60 ಸೈಟನ್ನು ಎರಡು ಭಾಗ ಮಾಡಿ ನೋಂದಾಯಿಸಿದರೆ ಎರಡೂ 1,200ರ ಒಳಗೆ ಬರುತ್ತವೆ. ಮೀಟರ್ ಬಂದ ಮರುವರ್ಷ ಇನ್ನೊಂದು ಮಹಡಿ ಏರಿಸಿದರೆ ಕೇಳಲು ಕಾಗದವೇ ಇರುವುದಿಲ್ಲ. ಪ್ಲಾನ್ ಮಂಜೂರಾತಿ ಮುಂಚಿನಂತೆಯೇ ಬೇಕು. ಅದೂ ಈಗ ನಂಬಿಕೆ ನಕ್ಷೆ ಎಂಬ ಯೋಜನೆಯಲ್ಲಿ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಸಹಿಯ ಮೇಲೆ ಸಿಗುತ್ತದೆ. ಹಾಗಾದರೆ ಶುರುವಿನಲ್ಲಿ ನಂಬಿಕೆ, ಕೊನೆಯಲ್ಲಿ ವಿನಾಯಿತಿ. ನಡುವೆ ಪಿಲ್ಲರ್ ನೋಡಿದವರು ಯಾರು?

ಓಸಿಯಲ್ಲಿ ಎರಡು ಕೆಲಸ ಸೇರಿಕೊಂಡಿವೆ: ನಿಯಮ ಮೀರಿಲ್ಲ ಎನ್ನುವುದು ಮತ್ತು ಕಟ್ಟಡ ಗಟ್ಟಿಯಿದೆ ಎನ್ನುವುದು. ವಿನಾಯಿತಿಯಲ್ಲಿ ಎರಡೂ ಒಟ್ಟಿಗೆ ಹೋದವು. ಇವನ್ನು ಬೇರೆ ಮಾಡಿ, ಪಾಯ ಹಾಕುವಾಗ ಎಷ್ಟು ಮಹಡಿ ತಾಳುತ್ತದೆ ಎಂದು ಬರೆದಿಟ್ಟು, ಪ್ರತಿ ಮಹಡಿಗೂ ಬೇರೆ ಪತ್ರ, ಅದರ ಜೊತೆಗೇ ಬೇರೆ ಮೀಟರ್ ಎಂದಿದ್ದರೆ ಮನೆ ಬೆಳೆಯುವ ರೀತಿಗೆ ಕಾನೂನು ಹೊಂದಿಕೊಳ್ಳುತ್ತಿತ್ತು. ಮುಂದಿನ ಮಹಡಿಯ ಪತ್ರಕ್ಕೆ ಮರುಬಳಕೆಯ ಪೈಪನ್ನು ಷರತ್ತು ಮಾಡಬಹುದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದಿವೆ. ಒಂದು ಪಾಲಿಕೆಯಾದರೂ ಕೆಲವು ವಾರ್ಡುಗಳಲ್ಲಿ ಇದನ್ನು ಮಾಡಿ ನೋಡಬಹುದು.

ಈ ಚರ್ಚೆಯ ಹೊರಗೇ ಉಳಿದವರು ಬಿ-ಖಾತಾದವರು, ಅಂದರೆ ಪಾಲಿಕೆಯ ದಾಖಲೆಯಲ್ಲಿ ಪೂರ್ತಿ ಸಕ್ರಮ (ಎ-ಖಾತಾ) ಎನಿಸದ ಸೈಟಿನವರು. ಬಿ-ಖಾತಾ ಸೈಟನ್ನು ಎ-ಖಾತಾ ಮಾಡಿಕೊಳ್ಳುವ ಯೋಜನೆ 2025ರ ಕೊನೆಯಲ್ಲಿ ಶುರುವಾಯಿತು. ಅದು ಸರಿಮಾಡುವುದು ಸೈಟನ್ನು ಮಾತ್ರ. ಅದರ ಮೇಲೆ ಮಂಜೂರಾದ ನಕ್ಷೆಯೇ ಇಲ್ಲದೆ ಎದ್ದು ನಿಂತ ಮನೆಯ ಬಗ್ಗೆ ಆ ಯೋಜನೆ ಏನೂ ಹೇಳುವುದಿಲ್ಲ. ಖಾತಾ ಬದಲಾಯಿಸಲು ಶುಲ್ಕ ಕಟ್ಟುವ ಮುಂಚೆ ಈ ಒಂದು ವಿಷಯವನ್ನು ವಿಚಾರಿಸಿಕೊಳ್ಳಿ.